ಕಾಲಪಲ್ಲಟ ವಿಚಾರ: ಇಂಗ್ಲಿಷಿನ ವರ್ತಮಾನ ಭವಿಷ್ಯತ್ತುಗಳೂ ಮೈಲಾರ ಸೀಮೆಯ ಕನ್ನಡವೂ

೧

ಇಂಗ್ಲಿಷನ್ನು ಕಲಿಯುವ ಕನ್ನಡ ವಿದ್ಯಾರ್ಥಿಗಳ ಬರವಣಿಗೆಯಲ್ಲಿ ಬೇರೂರಿ ನಿಂತಿರುವ ತಪ್ಪುಗಳ ಪೈಕಿ ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎಂಬ ಜಾತಿಯದು ಒಂದು. ‘ವೆನ್ ಹಿ ಕಮ್ಸ್’ ಎಂದಿರಬೇಕಾದ ಎಡೆಯಲ್ಲಿ ಭವಿಷ್ಯದ್ರೂಪ ನುಗ್ಗಿರುವುದೇ ಇದರ ದೋಷ. ತಿದ್ದಿದಷ್ಟೂ ಇದು ಮರಳಿ ಮರಳಿ ಮೂಡುತ್ತದೆ. ಇದಕ್ಕೆ ಉಪಾಧ್ಯಾಯರು ಸಾಮಾನ್ಯವಾಗಿ ಹೇಳುವ ಕಾರಣವಾದರೋ ಒಂದೇ: ಹುಡುಗರು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಮಾತೃಭಾಷೆಯ ಸಂಸ್ಕಾರ ಅವರನ್ನು ದಾರಿ ತಪ್ಪಿಸುತ್ತದೆ, ಎಂದು. ಈ ಆಪಾದನೆ ನಿಲ್ಲತಕ್ಕದ್ದೇ ಎಂಬುದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಗೆ ಹೆಚ್ಚು ದೂರ ಹೋಗಬೇಕಾಗಿಲ್ಲ. ಮೇಲಿನ ವಾಕ್ಯವನ್ನು ಕನ್ನಡಿಗನು ‘ಅವನು ಬಂದಾಗ ಹೇಳುತ್ತೇನೆ’ ಎನ್ನುತ್ತಾನೆ. ‘ಬಂದಾಗ’ ಎಂಬಲ್ಲಿ ಭವಿಷ್ಯತ್ತಿನ ಗಂಧವೂ ಇಲ್ಲ. ಅದರ ಮೂಲದಲ್ಲಿರುವುದು ‘ಬಂದ’ ಎಂಬ ಭೂತಕೃದಂತ. ವಿದ್ಯಾರ್ಥಿ ತನ್ನ ಕನ್ನಡವನ್ನು ಯಥಾವತ್ತಾಗಿ ಅನುಸರಿಸಿದ್ದರೆ ‘ವೆನ್ ಹಿ ಕೇಮ್’ ಎಂದು ಬರೆಯಬೇಕಾಗಿತ್ತು. ಆ ತಪ್ಪನ್ನು ಅವನು ಮಾಡುವುದಿಲ್ಲ. ಅವನು ಮಾಡುವ ತಪ್ಪು ಕನ್ನಡದಲ್ಲಿ ಇಲ್ಲದ ಒಂದು ರೂಪದಿಂದ ಬಂದದ್ದು. ಹಾಗಾದರೆ ಅದು ಎಲ್ಲಿಂದ ಬಂತು? ‘ಮುಂದೆ ನಡೆಯುವುದೆಲ್ಲ ಭವಿಷ್ಯತ್ಕಾಲ, ಭವಿಷ್ಯತ್ಕಾಲಕ್ಕೆ ವಿಲ್’ ಎಂದು ಅವನಿಗೆ ಕಲಿಸಿದ ಸೂತ್ರದಿಂದ ಬಂತು. ತಪ್ಪು ಭಾಷೆಯದಲ್ಲ, ವ್ಯಾಕರಣದ ಹಣೆಪಟ್ಟಿಯದು. ಎರಡು ಭಾಷೆಗಳಿಗೂ ಸಲ್ಲದ ಒಂದು ತ್ರಿಕಾಲಪಟ್ಟಿಯನ್ನು ಎರಡರ ಮೇಲೂ ಹೊದಿಸಿದುದರ ಫಲವನ್ನು ಬಡಹುಡುಗನು ಉಣ್ಣುತ್ತಿದ್ದಾನೆ ಎಂಬುದು ನಮ್ಮ ಪ್ರತಿಪಾದ್ಯ.

ಇದಕ್ಕೆ ಲಕ್ಷ್ಯವಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಆಡುನುಡಿಯನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಈ ಸೀಮೆ ೧೯೫೩ರ ಅಕ್ಟೋಬರ್ ೧ರ ವರೆಗೆ ಮದರಾಸು ಆಡಳಿತಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆಮೇಲೆ ಮೈಸೂರನ್ನು ಕೂಡಿತು. ೧೯೯೭ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. ೨೦೨೧ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಹೀಗೆ ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ನಡುವಣ ಗಡಿಯಾಗಿ ನಿಂತ ನೆಲವಿದು. ಇಲ್ಲಿನ ಕ್ರಿಯಾಪದಗಳಲ್ಲಿ ಎರಡು ಕಡೆಯ ಒಲವುಗಳೂ ಕಾಣುತ್ತವೆ. ಎರಡನೆಯ ಕಾರಣ ಮೈಲಾರದ ಕಾರ್ಣಿಕ. ಮುಂಬರುವುದನ್ನು ಹೇಳುವುದಕ್ಕಾಗಿಯೇ ವರ್ಷಕ್ಕೊಮ್ಮೆ ಒಂದೇ ಒಂದು ವಾಕ್ಯ ಹುಟ್ಟುವ ಕ್ಷೇತ್ರ ಹಡಗಲಿ ತಾಲ್ಲೂಕಿನಲ್ಲಿದೆ. ಕಾಲವಾಚಕಗಳ ವಿಚಾರಕ್ಕೆ ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯಲಾರದು.

೨

ಮೊದಲು ಹಣೆಪಟ್ಟಿಯ ಚರಿತ್ರೆಯನ್ನು ನೋಡೋಣ. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’, ವರ್ತಮಾನಕ್ಕೆ ‘ದಪ’ ಎಂದು ಮೂರು ಕಾಲಪ್ರತ್ಯಯಗಳನ್ನು ಹೇಳಿದನು: ಬಂದಂ, ಬರ್ಪಂ, ಬಂದಪಂ. ಅವನ ಕಾಲದ ಗ್ರಂಥಭಾಷೆಗೆ ಈ ವಿಭಾಗ ಒಪ್ಪುವಂಥದೇ; ಮೂರು ರೂಪಗಳು ಇದ್ದುವು, ಮೂರು ಹೆಸರುಗಳನ್ನು ಅವನು ಕೊಟ್ಟನು. ಆದರೂ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ‘ಬಂದಪಂ’ ಎಂಬ ವರ್ತಮಾನದ ಒಡಲಲ್ಲಿಯೇ ‘ಬಂದ್’ ಎಂಬ ಭೂತದ ಅಂಗ ಗೋಚರವಾಗುತ್ತದೆ. ಎರಡು, ಹಳಗನ್ನಡದಲ್ಲಿ ದಪ-ರೂಪ ಸಮೀಪಭವಿಷ್ಯತ್ತಿಗೂ ಸಲ್ಲುವುದುಂಟು. ‘ಗುಂ’ ಮೊದಲಾದ ಪ್ರತ್ಯಯಗಳಾದರೋ ಲಿಂಗ ವಚನ ಪುರುಷಗಳ ಭೇದವನ್ನೇ ಲೆಕ್ಕಿಸದೆ ನಡೆದುಕೊಂಡುವು. ಅಂತೂ ಹೆಸರುಗಳಷ್ಟು ಅಚ್ಚುಕಟ್ಟಾಗಿ ಪ್ರಯೋಗ ಎಂದೂ ಇರಲಿಲ್ಲ.

ನಡುಗನ್ನಡದಲ್ಲಿ ‘ದಪ’ವು ‘ದಹ’ವಾಗಿ ಸವೆದು, ಕಡೆಗೆ ಬಳಕೆ ತಪ್ಪಿತು. ಆ ಸ್ಥಾನಕ್ಕೆ ‘ಮಾಡುತ್ತ’ ಎಂಬ ಕೃದಂತದಿಂದ ಬೆಳೆದ ‘ಮಾಡುತ್ತಾನೆ’ ಎಂಬ ಹೊಸ ರೂಪ ಬಂದಿತು. ಇದು ಬಂದ ಮೇಲೆ ಭಾಷೆಯ ಏರ್ಪಾಡೇ ಬದಲಾಯಿತು. ‘ಮಾಡುತ್ತಾನೆ’ಯು ವರ್ತಮಾನ ಭವಿಷ್ಯತ್ತುಗಳೆರಡನ್ನೂ ಆವರಿಸಿಕೊಂಡಿತು, ‘ಮಾಡುವನು’ ಎಂಬುದು ಬಹುಮಟ್ಟಿಗೆ ಗ್ರಂಥಕ್ಕೆ ಮೀಸಲಾಯಿತು. ಅಷ್ಟಾದರೂ ವ್ಯಾಕರಣಗಳು ಹಳೆಯ ಮೂರು ಮನೆಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ಒಕ್ಕಲುಗಳನ್ನು ಅವುಗಳಲ್ಲಿ ಕೂರಿಸಿದುವು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೇರಿಯವರ ಕನ್ನಡ ವ್ಯಾಕರಣ ಮೊದಲ್ಗೊಂಡು ೧೯೦೩ರಲ್ಲಿ ಮಂಗಳೂರಿನಲ್ಲಿ ಹೊರಬಿದ್ದ ಕಿಟ್ಟೆಲರ ಮಹಾಗ್ರಂಥದ ವರೆಗೆ ಪಾಶ್ಚಾತ್ಯ ಪಂಡಿತರೂ ತಮ್ಮ ದೇಶದ ಮೂರು ಕಾಲಗಳನ್ನೇ ಇಲ್ಲಿ ಕಂಡರು. ಸಂಸ್ಕೃತದ ಮೂರು, ಇಂಗ್ಲಿಷಿನ ಮೂರು, ಕನ್ನಡದ ಮೂರು—ಹೀಗೆ ಲೆಕ್ಕ ಸರಿಹೋಯಿತೆಂದು ಎಲ್ಲರಿಗೂ ಸಮಾಧಾನವಾಯಿತು.

ಲೆಕ್ಕ ಸರಿಹೋಗದ ಪ್ರಯೋಗಗಳಿಗಾಗಿ ನಮ್ಮ ಶಾಲಾವ್ಯಾಕರಣಗಳು ಒಂದು ಪರಿಭಾಷೆಯನ್ನು ಇಟ್ಟುಕೊಂಡಿವೆ. ಅದೇ ‘ಕಾಲಪಲ್ಲಟ’. ಒಂದು ಕಾಲದ ರೂಪವನ್ನು ಇನ್ನೊಂದು ಕಾಲಕ್ಕೆ ಹೇಳಿದರೆ ಅದು ಪಲ್ಲಟ. ‘ಅವನು ಮುಂದಿನ ವಾರ ಬರುತ್ತಾನೆ’ ಎಂಬುದು ವರ್ತಮಾನವು ಭವಿಷ್ಯತ್ತಿನ ಸ್ಥಾನಕ್ಕೆ ಹೋದ ಪಲ್ಲಟವಂತೆ. ವಿಚಾರಮಾಡಿ ನೋಡಿದರೆ ಇದು ಎಷ್ಟು ವಿಪರೀತ! ಕನ್ನಡ ನಾಡಿನ ಬಹುಪಾಲು ಜನ ಮುಂದಿನ ವಾರದ ಮಾತನ್ನು ಸಹಜವಾಗಿ ಆಡುವ ಬಗೆಯೇ ಅದು. ಯಾವುದು ದಿನವೂ ನಡೆಯುವುದೋ ಅದನ್ನು ಪಲ್ಲಟವೆಂದೂ, ಆಡುಮಾತಿನಲ್ಲಿ ಅಪರೂಪವಾದುದನ್ನು ನಿಯಮವೆಂದೂ ಹೇಳುವ ಶಾಸ್ತ್ರವು ಲಕ್ಷ್ಯವನ್ನು ನೋಡಿ ಬರೆದದ್ದಲ್ಲ. ಇಂದಿನ ಕನ್ನಡದಲ್ಲಿ ಕಾಲದ ಮುಖ್ಯ ಭೇದ ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ೨೦೦೦ದಲ್ಲಿ ಹೊರಬಂದ ಅವರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಪುಸ್ತಕದ ಹೆಸರೇ ಇಂಥ ಕಡೆಗಳಲ್ಲಿ ನಡೆಯಬೇಕಾದ ಕೆಲಸವನ್ನು ಸೂಚಿಸುತ್ತದೆ.

ಆದರೆ ತಪ್ಪೆಲ್ಲವನ್ನೂ ಸಂಸ್ಕೃತದ ತಲೆಗೆ ಕಟ್ಟುವುದು ನ್ಯಾಯವಲ್ಲ. ವರ್ತಮಾನಕ್ಕೆ ಸಮೀಪವಾದ ಭೂತ ಭವಿಷ್ಯತ್ತುಗಳನ್ನು ವರ್ತಮಾನದಂತೆಯೇ ಹೇಳಬಹುದೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ವಿಕಲ್ಪವಾಗಿ ವಿಧಿಸಿದ್ದಾನೆ. ಅದರ ಬೆನ್ನಿಗೇ, ‘ಆಶಂಸೆ’ಯಲ್ಲಿ, ಎಂದರೆ ಬಯಸಿದ್ದು ಆಗಲಿ ಎಂದು ಹಾರೈಸುವಲ್ಲಿ, ಮುಂಬರುವುದನ್ನು ಭೂತದಂತೆಯೂ ಹೇಳಬಹುದೆಂದಿದ್ದಾನೆ. ಈ ಪ್ರಕರಣದಲ್ಲಿ ಪತಂಜಲಿಯ ಮಹಾಭಾಷ್ಯವು ಎತ್ತಿಕೊಳ್ಳುವ ಉದಾಹರಣೆ ಮಳೆ ಮತ್ತು ಬತ್ತದ್ದು: ಮಳೆಯಾದ ಕೂಡಲೇ, ಪೈರು ಇನ್ನೂ ಕೈಗೆ ಬರುವ ಮೊದಲೇ, ಬೆಳೆ ಕೈಗೂಡಿತೆಂದು ಜನ ಹೇಳುವ ಪರಿ. ಪ್ರಯೋಗವನ್ನು ಕಣ್ಣಿಟ್ಟು ನೋಡಿದ ವೈಯಾಕರಣರು ಹೀಗೆ ಬರೆದರು. ಅವರ ಪಟ್ಟಿಯನ್ನು ಮಾತ್ರ ಉರುಹೊಡೆದ ನಾವು ಅವರ ವಿಕಲ್ಪಗಳನ್ನು ಮರೆತೆವು.

೩

ಇನ್ನು ಇಂಗ್ಲಿಷಿನ ಕಡೆ ತಿರುಗೋಣ. ಕ್ರಿಯಾಪದದ ಒಡಲಿನಲ್ಲಿಯೇ ಪ್ರತ್ಯಯವಾಗಿ ಸೇರುವ ಭವಿಷ್ಯತ್ತು ಆ ಭಾಷೆಯಲ್ಲಿ ಇಲ್ಲ. ‘ಗೋ’, ‘ವೆಂಟ್’ ಎಂಬ ಎರಡೇ ರೂಪಗಳು. ಮುಂದಿನದಕ್ಕೆ ‘ವಿಲ್’, ‘ಶಲ್’ ಎಂಬ ಸಹಾಯಕ್ರಿಯೆಗಳ ಆಸರೆ ಬೇಕು. ‘ವಿಲ್’ ಎಂಬುದು ಮೂಲದಲ್ಲಿ ಬಯಕೆಯನ್ನೂ, ‘ಶಲ್’ ಎಂಬುದು ಋಣವನ್ನೂ ಹೇಳುತ್ತಿದ್ದ ಮಾತುಗಳು. ೧೬೫೩ರಲ್ಲಿ ಜಾನ್ ವಾಲಿಸನು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಇವೆರಡನ್ನೂ ಪುರುಷಭೇದದಿಂದ ಹಂಚಿ ಒಂದು ನಿಯಮ ಕಟ್ಟಿದನು; ಅದು ಮುಂದೆ ಶತಮಾನಗಳ ಕಾಲ ಶಾಲೆಗಳನ್ನು ಆಳಿತು. ಕಾಲವೆಂಬ ವಸ್ತು ಬೇರೆ, ಕ್ರಿಯಾಪದದ ಕಾಲರೂಪ ಬೇರೆ ಎಂಬ ವಿವೇಕವನ್ನು ೧೯೨೪ರ ತನ್ನ ‘ವ್ಯಾಕರಣ ತತ್ತ್ವಶಾಸ್ತ್ರ’ದಲ್ಲಿ ಯೆಸ್ಪರ್ಸನ್ ಪಂಡಿತನು ಒತ್ತಿಹೇಳಿದನು. ೧೯೮೫ರಲ್ಲಿ ಕ್ವರ್ಕ್ ಮೊದಲಾದ ನಾಲ್ವರು ಹೊರತಂದ ಬೃಹದ್ವ್ಯಾಕರಣವೂ ಇಂಗ್ಲಿಷಿಗೆ ರೂಪದಲ್ಲಿ ಭವಿಷ್ಯತ್ತಿಲ್ಲವೆಂಬ ಪಕ್ಷವನ್ನೇ ಹಿಡಿಯಿತು. ಎಂದ ಮೇಲೆ ಕನ್ನಡಕ್ಕೂ ಇಂಗ್ಲಿಷಿಗೂ ಈ ಒಂದು ಅಂಶದಲ್ಲಿ ಅಕ್ಕತಂಗಿಯರ ಹೋಲಿಕೆಯಿದೆ: ಎರಡರಲ್ಲಿಯೂ ಭೂತವೊಂದು, ಭೂತವಲ್ಲದ್ದೊಂದು.

ಮುಂಬರುವ ಸಂಗತಿಯನ್ನು ಹೇಳಬೇಕಾದಾಗ ಇಂಗ್ಲಿಷರು ಬರಿಯ ವರ್ತಮಾನವನ್ನೇ ಬಳಸುವ ಎಡೆಗಳು ಮುಖ್ಯವಾಗಿ ಎರಡು. ಒಂದನೆಯದು ಏರ್ಪಾಡು. ರೈಲಿನ ವೇಳೆ, ಶಾಲೆಯ ಪ್ರಾರಂಭ, ಪಂಚಾಂಗದ ತಿಥಿ ಇವು ಆಡುವವನ ಊಹೆಗೆ ಒಳಪಟ್ಟವಲ್ಲ; ‘ದ ಟ್ರೇನ್ ಲೀವ್ಸ್ ಎಟ್ ಸಿಕ್ಸ್ ಟುಮಾರೊ’ ಎನ್ನುವವನು ಭವಿಷ್ಯ ನುಡಿಯುತ್ತಿಲ್ಲ, ಈಗಾಗಲೇ ಬರೆದಿಟ್ಟ ಪಟ್ಟಿಯನ್ನು ಓದುತ್ತಿದ್ದಾನೆ. ಎರಡನೆಯದು ಅಧೀನವಾಕ್ಯ. ‘ವೆನ್’, ‘ಇಫ್’, ‘ಬಿಫೋರ್’, ‘ಆಫ್ಟರ್’, ‘ಅಂಟಿಲ್’ ಮೊದಲಾದವುಗಳ ಮುಂದೆ, ಮುಖ್ಯವಾಕ್ಯಕ್ಕೆ ಆಧಾರಮಾತ್ರವಾಗಿ ಒಂದು ಸಂಗತಿಯನ್ನು ಇಟ್ಟುಕೊಳ್ಳುವಾಗ, ವರ್ತಮಾನ ಬರುತ್ತದೆ. ಅಲ್ಲಿ ಆಡುವವನು ‘ಅವನು ಬರುತ್ತಾನೆ’ ಎಂದು ಘೋಷಿಸುತ್ತಿಲ್ಲ. ಬಂದನೆಂದು ಇಟ್ಟುಕೊಂಡು ಮುಂದಿನ ಮಾತನ್ನು ಹೇಳುತ್ತಿದ್ದಾನೆ. ‘ವಿಲ್’ ಬರುವುದು ಆಡುವವನು ತನ್ನ ಹೊಣೆಯ ಮೇಲೆ ಏನನ್ನಾದರೂ ಮುನ್ನುಡಿದಾಗ, ಸಂಕಲ್ಪಮಾಡಿದಾಗ, ಭಾಷೆ ಕೊಟ್ಟಾಗ. ಅದು ಕಾಲದ ಗುರುತೆನ್ನುವುದಕ್ಕಿಂತ ಹೊಣೆಯ ಗುರುತು. ಬಾಗಿಲು ತಟ್ಟಿದ ಸದ್ದಿಗೆ ‘ದಟ್ ವಿಲ್ ಬಿ ದ ಪೋಸ್ಟ್‌ಮನ್’ ಎನ್ನುವಲ್ಲಿ ಮುಂದಿನ ಕಾಲವೇ ಇಲ್ಲ, ಇರುವುದು ಊಹೆ. ಕನ್ನಡದಲ್ಲಿ ಇದಕ್ಕೆ ‘ಅಂಚೆಯವನಿರಬೇಕು’ ಎನ್ನುತ್ತೇವೆಯೇ ಹೊರತು ‘ಅಂಚೆಯವನಾಗುವನು’ ಎನ್ನುವುದಿಲ್ಲ.

೪

ಈಗ ನಮ್ಮ ಸೀಮೆಯ ಆಡುನುಡಿಗೆ ಬರೋಣ. ಇಲ್ಲಿ ಈ ಕ್ಷಣದಲ್ಲಿ ನಡೆಯುತ್ತಿರುವ ಕ್ರಿಯೆಗೆ ‘ಬರಾಕತ್ತಾನ’ ಎಂಬ ಬೇರೆಯ ರೂಪವೇ ಉಂಟು. ‘ಬರಲಿಕ್ಕೆ ಹತ್ತಿದ್ದಾನೆ’ ಎಂಬುದರ ಸಂಕ್ಷೇಪವಿದು. ಧಾರವಾಡದ ಕಡೆಯಿಂದ ಬಂದ ಈ ರೂಪದಿಂದಾಗಿ ‘ಬರ್ತಾನ’ ಎಂಬುದಕ್ಕೆ ಬಿಡುವು ದೊರೆತಿದೆ. ಅದು ‘ದಿನಾ ಬರ್ತಾನ’ ಎಂಬ ವಾಡಿಕೆಗೂ ‘ನಾಳೆ ಬರ್ತಾನ’ ಎಂಬ ಮುಂದಿನ ಮಾತಿಗೂ ಸಲ್ಲುತ್ತದೆ. ‘ಬರಾಕತ್ತಾನ’ ಎಂಬುದಕ್ಕೆ ‘ಈಸ್ ಕಮಿಂಗ್’ ಎಂದು ಇಂಗ್ಲಿಷಿನಲ್ಲಿ ಸುಲಭವಾಗಿ ಹೇಳಬಹುದು. ಆಯ್ಕೆಯ ತೊಡಕು ಉಳಿಯುವುದು ‘ಬರ್ತಾನ’ ಎಂಬ ಒಂದರಲ್ಲಿಯೇ: ಅದು ‘ಕಮ್ಸ್’ ಆಗಬೇಕೋ ‘ವಿಲ್ ಕಮ್’ ಆಗಬೇಕೋ?

ಊರವರು ಬೀಳ್ಕೊಳ್ಳುವಾಗ ಹಿರಿಯರಿಗೆ ‘ಹೋಗಿ ಬರ್ತೀನ್ರಿ’ ಎನ್ನುತ್ತಾರೆ. ಅದು ಪ್ರವಾಸದ ವರದಿಯಲ್ಲ, ಮರಳಿ ಬರುವ ಭಾಷೆ. ಆದುದರಿಂದ ಇಂಗ್ಲಿಷಿನಲ್ಲಿ ಅದಕ್ಕೆ ‘ವಿಲ್’ ಬೇಕು. ಯಾರಾದರೂ ಹೊರಗಿನಿಂದ ಕೂಗಿದರೆ ಒಳಗಿದ್ದವರು ‘ಬಂದೆ, ಬಂದೆ’ ಎನ್ನುತ್ತಾರೆ. ಇನ್ನೂ ಎದ್ದೇ ಇರುವುದಿಲ್ಲ! ಇಲ್ಲಿ ರೂಪ ಶುದ್ಧಭೂತ, ಸಂಗತಿ ಮುಂದಿನದು. ಜಗಲಿಯ ಅಂಚಿಗೆ ಓಡಿದ ಮಗುವಿಗೆ ತಾಯಿ ‘ಬಿದ್ದೀಯ!’ ಎನ್ನುತ್ತಾಳೆ, ಅದು ನಮ್ಮ ವ್ಯಾಕರಣದ ಸಂಭಾವನಾರ್ಥಕ, ಅದರ ಅಂಗವೂ ‘ಬಿದ್ದ್’ ಎಂಬ ಭೂತದ್ದೇ. ಬಂದಾನು, ಬಂದೀತು, ಬಂದರೆ, ಬಂದಾಗ, ಬಂದ ಮೇಲೆ—ಈ ಎಲ್ಲವೂ ‘ಬಂದ್’ ಎಂಬ ಒಂದೇ ಬುಡದಿಂದ ಚಿಗುರಿದುವು. ಎಲ್ಲವೂ ಮುಂದಿನದನ್ನು ಹೇಳಬಲ್ಲವು. ಹಾಗಾದರೆ ಕನ್ನಡದ ‘ಭೂತ’ವೆಂಬ ಅಂಗವು ಕಳೆದುಹೋದ ಕಾಲವನ್ನು ಹೇಳುವುದೆನ್ನುವುದಕ್ಕಿಂತ, ಕ್ರಿಯೆ ಮುಗಿದುದೆಂದು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದನ್ನು ಹೇಳುತ್ತದೆಯೆನ್ನುವುದು ಸರಿ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯಲ್ಲಿ ‘ಆದರೆ’ ಎಂಬುದು ಯಾವ ನಿನ್ನೆಯನ್ನೂ ಸೂಚಿಸುವುದಿಲ್ಲ. ಎಲ್ಲ ಕಾಲಕ್ಕೂ ಸಲ್ಲುವ ಒಂದು ಆಧಾರವನ್ನು ಹಾಕಿಕೊಡುತ್ತದೆ.

ಏರ್ಪಾಡಿನ ಮಾತಿಗೆ ಕೊಟ್ಟೂರಿನ ತೇರು ಒಳ್ಳೆಯ ನಿದರ್ಶನ. ಗುರು ಕೊಟ್ಟೂರೇಶ್ವರನ ರಥೋತ್ಸವದ ದಿನ ಪಂಚಾಂಗದಿಂದ ನಿಶ್ಚಿತ. ‘ಇಂಥ ದಿನ ಸಂಜೆ ತೇರು ಹೊರಡ್ತೈತಿ’ ಎಂದರೆ ಅದು ಕಟ್ಟಲೆಯ ವಾಚನ. ಇದು ಇಂಗ್ಲಿಷಿನಲ್ಲಿ ಬರಿಯ ವರ್ತಮಾನದಲ್ಲಿ ಇಳಿಯುತ್ತದೆ. ೨೦೧೭ರಲ್ಲಿ ರಥೋತ್ಸವದ ನಡುವೆಯೇ ತೇರು ಉರುಳಿತು. ‘ತೇರು ಬೀದಿಯಲ್ಲಿ ಸಾಗಿ ನೆಲೆಗೆ ಮರಳುತ್ತದೆ’ ಎಂದು ಆ ಬೆಳಿಗ್ಗೆ ಹೇಳಿದವನು ಸುಳ್ಳಾಡಿದನೇ? ಇಲ್ಲ, ಕಟ್ಟಲೆ ಹಾಗೆಯೇ ಇತ್ತು. ‘ಈ ಸಲ ಏನೂ ಕೆಡುಕಾಗದೆ ತೇರು ಮರಳುತ್ತದೆ, ನೋಡುತ್ತಿರು’ ಎಂದು ಹೇಳಿದವನ ಮಾತು ಮಾತ್ರ ಸುಳ್ಳಾಯಿತು. ಎರಡು ಕಡೆಯೂ ಕನ್ನಡದಲ್ಲಿ ‘ಮರಳುತ್ತದೆ’ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ಮೊದಲನೆಯದು ‘ರಿಟರ್ನ್ಸ್’, ಎರಡನೆಯದು ‘ವಿಲ್ ರಿಟರ್ನ್’. ಭೇದವಿರುವುದು ಕಾಲದಲ್ಲಲ್ಲ, ಆಡಿದವನು ಯಾವುದಕ್ಕೆ ಹೊಣೆಯಾದನು ಎಂಬುದರಲ್ಲಿ.

ಗ್ರಂಥಭಾಷೆಯ ‘ಉವನು’ ರೂಪದಿಂದಲೂ ಇದೇ ಪಾಠ ದೊರೆಯುತ್ತದೆ. ‘ಸೂರ್ಯನು ಪೂರ್ವದಲ್ಲಿ ಉದಯಿಸುವನು’ ಎಂಬುದು ಪಟ್ಟಿಯ ಪ್ರಕಾರ ಭವಿಷ್ಯತ್ತು. ಅರ್ಥದಲ್ಲಿ ಸಾರ್ವಕಾಲಿಕ ಸತ್ಯ. ಪಟ್ಟಿಯನ್ನು ನಂಬಿದ ವಿದ್ಯಾರ್ಥಿ ‘ದ ಸನ್ ವಿಲ್ ರೈಸ್’ ಎಂದು ಬರೆದು, ‘ರೈಸಸ್’ ಎಂದು ತಿದ್ದಿಸಿಕೊಳ್ಳುತ್ತಾನೆ. ವರ್ತಮಾನವೆಂಬ ಹೆಸರಿನದು ಭವಿಷ್ಯತ್ತಾಗುತ್ತದೆ, ಭವಿಷ್ಯತ್ತೆಂಬ ಹೆಸರಿನದು ವರ್ತಮಾನವಾಗುತ್ತದೆ. ಎರಡು ದಿಕ್ಕಿನಲ್ಲಿಯೂ ಮೋಸಮಾಡುವ ಹೆಸರನ್ನು ನಂಬಿ ಪಾಠ ಹೇಳುವುದೆಂತು?

೫

ಈ ಎಲ್ಲ ವಿಚಾರಕ್ಕೂ ಪರಮಾವಧಿಯಾಗಿ ನಿಂತಿರುವುದು ಮೈಲಾರದ ಕಾರ್ಣಿಕ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ನೆರೆದಿರಲು, ಉಪವಾಸವಿದ್ದ ಗೊರವಯ್ಯನು ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿ, ನೆರವಿ ಮೌನವಾದ ಒಡನೆಯೇ ಒಂದು ವಾಕ್ಯವನ್ನು ನುಡಿದು ಮೇಲಿನಿಂದ ಬೀಳುತ್ತಾನೆ. ಕೆಳಗಿರುವವರು ಅವನನ್ನು ಹಿಡಿಯುತ್ತಾರೆ. ಆ ವಾಕ್ಯ ಬರುವ ವರ್ಷದ ಮಳೆ ಬೆಳೆ ರಾಜಕಾರ್ಯಗಳ ಸೂಚನೆಯೆಂದು ಜನರ ನಂಬಿಕೆ. ಅದು ಫಲಿಸುತ್ತದೆಯೇ ಇಲ್ಲವೇ ಎಂಬುದು ಇಲ್ಲಿ ನಮ್ಮ ವಿಚಾರವಲ್ಲ. ಅದರ ಕ್ರಿಯಾಪದ ಯಾವ ರೂಪದ್ದು ಎಂಬುದಷ್ಟೇ ಪ್ರಶ್ನೆ.

ಕಾರ್ಣಿಕದ ನುಡಿಯ ವಾಡಿಕೆಯ ಮುಕ್ತಾಯ ‘ಅಲೇ ಪರಾಕ್’ ಎಂದು. ಅದರ ಹಿಂದೆ ಬರುವ ಕ್ರಿಯಾಪದ ‘ಆಯಿತು’ ಎಂಬ ಮಾದರಿಯದು: ‘ಸಂಪಾಯಿತಲೇ ಪರಾಕ್’ ಎಂಬಂತೆ. ಬರುವ ವರ್ಷವನ್ನು ಕುರಿತ ಈ ನುಡಿಯಲ್ಲಿ ‘ಆಗುವುದು’ ಎಂದಾಗಲಿ ‘ಆಗುತ್ತದೆ’ ಎಂದಾಗಲಿ ಇಲ್ಲ, ‘ಆಯಿತು’ ಎಂದಿದೆ! ಶಾಲೆಯ ವ್ಯಾಕರಣದ ಪ್ರಕಾರ ಇದು ಕಾಲಪಲ್ಲಟದ ಪರಾಕಾಷ್ಠೆ. ನಮಗೆ ತೋರುವಂತೆ ಇದು ಪಲ್ಲಟವೇ ಅಲ್ಲ. ಬಿಲ್ಲಿನ ತುದಿಯಿಂದ ಗೊರವಯ್ಯನು ಊಹಿಸುತ್ತಿಲ್ಲ, ಕಂಡದ್ದನ್ನು ವರದಿಮಾಡುತ್ತಿದ್ದಾನೆ ಎಂಬ ನಿಲುವು ಆ ರೂಪದಲ್ಲಿ ಅಡಗಿದೆ. ಮನೆಯೊಳಗಿಂದ ‘ಬಂದೆ’ ಎಂದು ಕೂಗುವವನ ನಿಲುವೂ, ಮಳೆ ಬಿದ್ದೊಡನೆ ಬೆಳೆ ಕೈಗೂಡಿತೆನ್ನುವ ಪತಂಜಲಿಯ ರೈತನ ನಿಲುವೂ ಇದೇ. ಹೀಬ್ರೂ ಭಾಷೆಯ ಪ್ರವಾದಿಗಳೂ ಮುಂಬರುವುದನ್ನು ಮುಗಿದ ಕ್ರಿಯೆಯ ರೂಪದಲ್ಲಿ ನುಡಿಯುವುದುಂಟೆಂದು ಆ ಭಾಷೆಯ ವೈಯಾಕರಣರು ಗುರುತಿಸಿ, ಅದಕ್ಕೆ ಪ್ರವಾದಿಯ ಭೂತವೆಂದೇ ಹೆಸರಿಟ್ಟಿದ್ದಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ತುಳುಕಿತು’ ಎಂದರೆ ಭೂತ. ‘ತುಳುಕೀತು’ ಎಂದರೆ ಸಂಭಾವನೆ. ನಡುವಣ ಭೇದ ಒಂದು ಮಾತ್ರೆಯದು. ನೆರವಿಯ ನಡುವೆ ಒಂದೇ ಸಲ ಕೂಗಿ ಹೇಳಿದ ಮಾತಿನಲ್ಲಿ ಆ ಮಾತ್ರೆಯನ್ನು ಒಬ್ಬನು ಹ್ರಸ್ವವಾಗಿಯೂ ಇನ್ನೊಬ್ಬನು ದೀರ್ಘವಾಗಿಯೂ ಕೇಳಿಸಿಕೊಳ್ಳುವುದಕ್ಕೆ ಅವಕಾಶವಿದೆ. ಹ್ರಸ್ವವಾದರೆ ಕಂಡ ಮಾತು, ದೀರ್ಘವಾದರೆ ಎಚ್ಚರಿಕೆಯ ಮಾತು. ಆದುದರಿಂದ ಕಾರ್ಣಿಕವನ್ನು ಬರೆದಿಡುವವರು ವಾಕ್ಯದ ಪದಗಳಷ್ಟನ್ನೇ ಅಲ್ಲ, ಸ್ವರದ ಉದ್ದವನ್ನೂ ಜಾಗರೂಕತೆಯಿಂದ ಗುರುತಿಸಬೇಕು.

ಇಂಗ್ಲಿಷಿಗೆ ಇಳಿಸುವಾಗ ಈ ಆಯ್ಕೆ ಎಷ್ಟು ಮುಖ್ಯವೆಂಬುದಕ್ಕೆ ಒಂದು ಹಳೆಯ ನಿದರ್ಶನವಿದೆ. ಡಬ್ಲ್ಯು. ಫ್ರಾನ್ಸಿಸರು ಸಂಪಾದಿಸಿದ ೧೯೦೪ರ ಬಳ್ಳಾರಿ ಗೆಜೆಟಿಯರಿನಲ್ಲಿ ಮೈಲಾರದ ಜಾತ್ರೆಯ ವರ್ಣನೆಯುಂಟು. ೧೮೫೭ರ ದಂಗೆಗೆ ಹಿಂದಿನ ವರ್ಷದ ಕಾರ್ಣಿಕವೆಂದು ಅಲ್ಲಿ ಕೊಟ್ಟಿರುವುದು ಗೆದ್ದಲುಗಳ ವಿರುದ್ಧ ಎದ್ದುದನ್ನು ಹೇಳುವ ಒಂದು ವಾಕ್ಯ. ಗೆದ್ದಲಿಗೆ ಇಂಗ್ಲಿಷಿನಲ್ಲಿ ಬಿಳಿಯ ಇರುವೆಯೆಂದು ಹೆಸರು. ಆ ‘ಬಿಳಿ’ಯಿಂದ ಇಂಗ್ಲಿಷ್ ಓದುಗರಿಗೆ ಹೊಳೆಯುವ ಶ್ಲೇಷೆ ಕನ್ನಡದ ಗೆದ್ದಲಿನಲ್ಲಿಲ್ಲ ಎಂಬುದು ಹಾಗಿರಲಿ. ಗಮನಿಸಬೇಕಾದುದು ಕ್ರಿಯಾಪದವನ್ನು. ಅದನ್ನು ‘ವಿಲ್ ರೈಸ್’ ಎಂದು ಇಳಿಸಿಲ್ಲ, ‘ಹ್ಯಾವ್ ರಿಸನ್’ ಎಂದು ಇಳಿಸಿದೆ. ಮುಂದಿನ ವರ್ಷದ ಮಾತೆಂದು ತಿಳಿದಿದ್ದೂ, ಭವಿಷ್ಯತ್ತನ್ನು ಬಳಸದೆ, ಮುಗಿದ ಕ್ರಿಯೆಯನ್ನೇ ಇಟ್ಟ ಭಾಷಾಂತರಕಾರನ ಕಿವಿ ಮೆಚ್ಚತಕ್ಕದ್ದು. ಕಾರ್ಣಿಕದ ‘ಆಯಿತು’ ಎಂಬುದನ್ನು ‘ವಿಲ್’ ಹಾಕಿ ಅನುವಾದಿಸಿದರೆ, ಕಂಡವನ ಮಾತು ಜ್ಯೋತಿಷಿಯ ಮಾತಾಗಿ ಇಳಿದುಬಿಡುತ್ತದೆ. ಅರ್ಥ ಹೇಳುವ ಕೆಲಸ ಕೇಳಿದವರದು, ಕಾಣುವ ಕೆಲಸ ಗೊರವಯ್ಯನದು ಎಂಬ ಹಂಚಿಕೆಯೇ ಅಲ್ಲಿ ಅಳಿಯುತ್ತದೆ.

೬

ಇಷ್ಟರಿಂದ ಪಾಠಶಾಲೆಗೆ ಏನು ಪ್ರಯೋಜನ? ನಮ್ಮ ವಿದ್ಯಾರ್ಥಿಯ ಬಾಯಲ್ಲಿಯೇ ಇಂಗ್ಲಿಷಿನ ಆಯ್ಕೆಗೆ ಬೇಕಾದ ಕೀಲಿಕೈ ಇದೆ ಎಂಬುದೇ ಪ್ರಯೋಜನ. ‘ವೆನ್’ ಎಂಬ ಒಂದೇ ಪದದ ಮುಂದೆ ಒಮ್ಮೆ ವರ್ತಮಾನ, ಒಮ್ಮೆ ಭವಿಷ್ಯತ್ತು ಬರುವುದನ್ನು ಕಂಡು ವಿದ್ಯಾರ್ಥಿ ಕಂಗೆಡುತ್ತಾನೆ: ‘ಐ ಶಲ್ ಟೆಲ್ ಹಿಮ್ ವೆನ್ ಹಿ ಕಮ್ಸ್’; ಆದರೆ ‘ಐ ಡು ನಾಟ್ ನೋ ವೆನ್ ಹಿ ವಿಲ್ ಕಮ್’. ಇಂಗ್ಲಿಷಿನಲ್ಲಿ ಒಂದೇ ಆಗಿ ಕಾಣುವ ಈ ಎರಡು ‘ವೆನ್’ಗಳು ಕನ್ನಡದಲ್ಲಿ ಬೇರೆ ಬೇರೆಯಾಗಿಯೇ ಇವೆ. ಮೊದಲನೆಯದು ‘ಬಂದಾಗ’, ಎರಡನೆಯದು ‘ಯಾವಾಗ ಬರುತ್ತಾನೋ’. ‘ಇಫ್’ ಎಂಬುದೂ ಹೀಗೆಯೇ: ‘ಮಳೆ ಬಂದರೆ ಬಿತ್ತುತ್ತೇವೆ’ ಎಂಬಲ್ಲಿ ‘ಇಫ್ ಇಟ್ ರೇನ್ಸ್’, ‘ಮಳೆ ಬರುತ್ತದೋ ಇಲ್ಲವೋ ತಿಳಿಯದು’ ಎಂಬಲ್ಲಿ ‘ಇಫ್ ಇಟ್ ವಿಲ್ ರೇನ್’.

ಇದರಿಂದ ಒಂದು ನಿಯಮವನ್ನು ಹೀಗೆ ಕಟ್ಟಬಹುದು. ಮುಂಬರುವ ಸಂಗತಿಯನ್ನು ಹೇಳುವ ಅಧೀನಕ್ರಿಯೆ ಕನ್ನಡದಲ್ಲಿ ಪುರುಷಪ್ರತ್ಯಯವಿಲ್ಲದೆ ಅಪೂರ್ಣವಾಗಿ ನಿಂತು ಮುಖ್ಯಕ್ರಿಯೆಗೆ ವಿಶೇಷಣವಾದರೆ—ಬಂದಾಗ, ಬಂದರೆ, ಬಂದ ಮೇಲೆ, ಬರುವ ಮೊದಲು, ಬರುವ ತನಕ—ಇಂಗ್ಲಿಷಿನಲ್ಲಿ ಬರಿಯ ವರ್ತಮಾನ. ಪುರುಷಪ್ರತ್ಯಯದೊಡನೆ ಪೂರ್ಣವಾಗಿ ನಿಂತು, ‘ಓ’, ‘ಎಂದು’, ‘ಏ’ ಎಂಬುವು ಅದಕ್ಕೆ ಹತ್ತಿದರೆ—ಬರುತ್ತಾನೋ, ಬರುತ್ತಾನೆಂದು, ಬರುತ್ತಾನೆಯೇ—ಇಂಗ್ಲಿಷಿನಲ್ಲಿ ‘ವಿಲ್’. ಇನ್ನು ಸ್ವತಂತ್ರವಾಕ್ಯದಲ್ಲಿ ‘ಹೊರಡುತ್ತದೆ’ ಎಂಬುದಕ್ಕೆ ಯಾವುದು ತಕ್ಕದೆಂದು ತಿಳಿಯಲು, ಆ ವಾಕ್ಯವನ್ನು ತಿರುಗಿಸಿ ಹೇಳಿ ನೋಡಬೇಕು. ‘ಬಸ್ಸು ಹೊರಡುವುದು ಆರಕ್ಕೆ’ ಎಂಬುದು ಸಹಜವಾಗಿ ಕೇಳಿದರೆ ಅದು ಏರ್ಪಾಡು, ವರ್ತಮಾನ ಸಾಕು. ‘ಮಳೆ ಬರುವುದು ನಾಳೆ ಆರಕ್ಕೆ’ ಎಂದರೆ ಯಾವ ರೈತನೂ ನಗುವನು. ಅಲ್ಲಿ ‘ವಿಲ್’ ಬೇಕೇ ಬೇಕು.

ಈ ನಿಯಮಕ್ಕೆ ಮಿತಿಗಳಿಲ್ಲವೆಂದಲ್ಲ. ನಾಮಪದಕ್ಕೆ ವಿಶೇಷಣವಾಗುವ ‘ನಾಳೆ ಬರುವ ಅಧಿಕಾರಿ’ ಎಂಬಂಥ ಕೃದಂತಗಳೂ, ‘ಅವನು ಬರುವುದು ನನಗೆ ಗೊತ್ತು’ ಎಂಬಂಥ ಭಾವನಾಮಗಳೂ ಇದರ ಹೊರಗೆ ಉಳಿಯುತ್ತವೆ. ಅಲ್ಲಿ ರೂಪ ಅಪೂರ್ಣವಾದರೂ ಇಂಗ್ಲಿಷ್ ‘ವಿಲ್’ ಕೇಳಬಹುದು. ಮನಸ್ಸಿದ್ದರೆ ಎಂಬರ್ಥದ ‘ಇಫ್ ಯು ವಿಲ್ ಹೆಲ್ಪ್ ಮಿ’ ಎಂಬಲ್ಲಿ ‘ಇಫ್’ನ ಮುಂದೆಯೂ ‘ವಿಲ್’ ಸಾಧು. ಅದು ಭವಿಷ್ಯತ್ತಲ್ಲ, ಆ ಪದದ ಹಳೆಯ ಬಯಕೆಯ ಅರ್ಥ ಉಳಿದು ಬಂದಿರುವುದು. ಕನ್ನಡದಲ್ಲಿ ನಾವೂ ಅಲ್ಲಿ ‘ಸಹಾಯಮಾಡುವುದಾದರೆ’ ಎಂದು ರೂಪವನ್ನು ಬದಲಾಯಿಸುತ್ತೇವೆಂಬುದನ್ನು ಗಮನಿಸಿದರೆ, ಈ ಅಪವಾದವೂ ನಮ್ಮ ಭಾಷೆಯ ಬೆಳಕಿನಲ್ಲಿಯೇ ತಿಳಿಯಾಗುತ್ತದೆ.

೭

ಪ್ರಕೃತ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಭವಿಷ್ಯತ್ತನ್ನು ಬೇಡದ ಕಡೆ ತುರುಕುವ ದೋಷ ಕನ್ನಡದಿಂದ ಹುಟ್ಟಿದ್ದಲ್ಲ, ಮೂರು ಕಾಲಗಳ ಪಟ್ಟಿಯಿಂದ ಹುಟ್ಟಿದ್ದು. ಕಾಲಪಲ್ಲಟವೆಂದು ಹೆಸರಿಟ್ಟು ನಾವು ಮೂಲೆಗೆ ತಳ್ಳಿದ ಪ್ರಯೋಗಗಳೇ ಕನ್ನಡ ಕ್ರಿಯಾಪದದ ನಿಜವಾದ ನಡೆ. ಅವುಗಳಲ್ಲಿ ನಿಶ್ಚಯ, ಹಾರೈಕೆ, ಎಚ್ಚರಿಕೆ, ಏರ್ಪಾಡುಗಳ ತಾರತಮ್ಯ ಅಡಗಿದೆ. ಇಂಗ್ಲಿಷಿನ ವರ್ತಮಾನ ಭವಿಷ್ಯತ್ತುಗಳ ಆಯ್ಕೆಯೂ ಇಂಥ ತಾರತಮ್ಯದಿಂದಲೇ ನಡೆಯುವುದಾದುದರಿಂದ, ಕನ್ನಡವನ್ನು ಚೆನ್ನಾಗಿ ವಿಚಾರಿಸಿ ತಿಳಿದವನಿಗೆ ಇಂಗ್ಲಿಷಿನ ಈ ತೊಡಕು ಅರ್ಧ ಬಿಡಿಸಿದಂತೆಯೇ.

ಹಡಗಲಿಯ ಹುಡುಗನಿಗೆ ‘ನಿನ್ನ ಭಾಷೆಯೇ ನಿನ್ನ ಕೇಡು’ ಎಂದು ಹೇಳುವ ಉಪಾಧ್ಯಾಯನು ಅವನಿಗೆ ಎರಡು ಭಾಷೆಗಳಲ್ಲಿಯೂ ಅನ್ಯಾಯಮಾಡುತ್ತಾನೆ. ಹಾಗೆನ್ನುವುದನ್ನು ಬಿಟ್ಟು ‘ನೀನು ಬಂದಾಗ ಎನ್ನುತ್ತೀಯೋ, ಬರುತ್ತಾನೋ ಎನ್ನುತ್ತೀಯೋ? ಮೊದಲು ಅದನ್ನು ಹೇಳು’ ಎಂದು ಕೇಳಿದರೆ, ಉತ್ತರ ಅವನಿಂದಲೇ ಹೊರಡುತ್ತದೆ. ಮುಂದೆ ಶಾಲಾವ್ಯಾಕರಣಗಳನ್ನು ತಿದ್ದಿ ಬರೆಯುವವರು ಕಾಲಪಲ್ಲಟದ ಪ್ರಕರಣವನ್ನು ಗ್ರಂಥದ ಕೊನೆಯಿಂದ ಕ್ರಿಯಾಪ್ರಕರಣದ ಮೊದಲಿಗೆ ತಂದರೆ ಉಪಕಾರವಾಗುತ್ತದೆ. ಈ ಸೀಮೆಯ ಆಡುನುಡಿಯ ಕ್ರಿಯಾರೂಪಗಳನ್ನೂ ಕಾರ್ಣಿಕದ ನುಡಿಗಳನ್ನೂ ಸ್ವರಮಾತ್ರೆ ಸಹಿತ ಸಂಗ್ರಹಿಸುವ ಕಾರ್ಯವನ್ನು ಅಲ್ಲಿಯ ಅಧ್ಯಾಪಕರು ಕೈಗೊಂಡರೆ, ಕನ್ನಡದ ಕಾಲವಿಚಾರಕ್ಕೆ ಈವರೆಗೆ ಗ್ರಂಥಗಳಿಂದ ದೊರೆಯದ ಸಾಮಗ್ರಿ ದೊರೆಯುತ್ತದೆ.